ಗುಳೆ ಹೋದ ವಿಜ್ಞಾನಿಗಳು ಮತ್ತು ನಮ್ಮ ತೋಟದ ಬೇರು

ಜರ್ಮನಿಗೆ ಹೊರಡುವ ಹಿಂದಿನ ದಿನ ಆಯಿಗೆ, ಅಂದರೆ ಅಪ್ಪನ ಅವ್ವನಿಗೆ, ನಮಸ್ಕಾರ ಮಾಡಲು ವಿಜಯಪುರ ಜಿಲ್ಲೆಯ ನಮ್ಮೂರು ತಿಕೋಟಾಕ್ಕೆ ಹೋಗಿದ್ದೆ. ಕಟ್ಟೆ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ಎರಡು ವರ್ಷ ಊರಿಗೆ ಬರೋದಿಲ್ಲ, ಅಲ್ಲೊಂದು ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿದೆ ಅಂದೆ. ಪೋಸ್ಟ್‌ಡಾಕ್ ಅಂದರೆ ಪಿಎಚ್‌ಡಿ ಆದ ಮೇಲೆ ಕೆಲವು ವರ್ಷ ಮಾಡುವ ಸಂಶೋಧನೆಯ ಕೆಲಸ ಅಂತ ವಿವರಿಸುವ ಗೋಜಿಗೆ ಹೋಗಲಿಲ್ಲ. ಆಯಿ ಸೆರಗಿನ ಸಿಪ್ಪೆ ಝಾಡಿಸಿ, ನನ್ನ ಮುಖ ನೋಡಿ, 'ಅಂದ್ರ ಗುಳೆ ಹೊಂಟಿ ಅನ್ನು' ಅಂದಳು.

ಆಗ ಸ್ವಲ್ಪ ಚುಚ್ಚಿತು. ಪಿಎಚ್‌ಡಿ ಮಾಡಿ, ವಿಮಾನ ಹತ್ತಿ, ಫೆಲೋಶಿಪ್ ಮೇಲೆ ಹೋಗುವವನಿಗೆ ಗುಳೆ ಅನ್ನೋದಾ? ನಮ್ಮ ಕಡೆ ಗುಳೆ ಅಂದರೆ ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ, ಮುದುಕರನ್ನು ಬಿಟ್ಟು, ಕೂಸು ಕುನ್ನಿ ಕಟ್ಟಿಕೊಂಡು ಗೋವಾ, ಪುಣೆ, ಸಾಂಗಲಿ ಕಡೆ ದುಡಿಯಲು ಹೋಗೋದು. ಆಯಿ ಹೋಗಿದ್ದಳು. 1972ರ ಬರಗಾಲದಲ್ಲಿ, ನನ್ನ ಅಪ್ಪನನ್ನು ಸೊಂಟದ ಮೇಲೆ ಹೊತ್ತುಕೊಂಡು. ಅವಳಿಗೆ ದೂರ ಹೋಗಿ ದುಡಿಯೋದಕ್ಕೆ ಗೊತ್ತಿದ್ದ ಶಬ್ದ ಅದೊಂದೇ.

ಈಗ ಅನ್ನಿಸುತ್ತೆ, ಆಯಿ ಹೇಳಿದ್ದೇ ಸರಿ ಶಬ್ದ. 'ಪ್ರತಿಭಾ ಪಲಾಯನ' ಅನ್ನೋ ಪತ್ರಿಕೆ ಭಾಷೆ ನನಗೆ ಮೊದಲಿನಿಂದಲೂ ಹಿಡಿಸಿಲ್ಲ. ಪಲಾಯನ ಅಂದರೆ ಓಡಿಹೋಗೋದು, ಕಳ್ಳನ ಹಾಗೆ. ಗುಳೆಯಲ್ಲಿ ಹಾಗಿಲ್ಲ. ಗುಳೆ ಹೋದವರು ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಗೆ ಬರ್ತಾರೆ, ಓಟಿಗೆ ಬರ್ತಾರೆ, ಮಳೆ ಬಿದ್ದರೆ ಬರ್ತಾರೆ. ಕೆಲವರು ಬರೋದಿಲ್ಲ, ಅಲ್ಲೇ ಬೇರು ಬಿಡ್ತಾರೆ. ಇನ್ನೊಂದು ಸಂಗತಿ ನೋಡಿ. ಗುಳೆ ಹೋಗೋರು ಯಾರೂ ಸುಮ್ನೆ ರೈಲು ಹತ್ತಿ ಹೋಗೋದಿಲ್ಲ. ಒಬ್ಬ ಮುಕಾದಮ ಇರ್ತಾನೆ. ಅವನಿಗೆ ಅಲ್ಲಿನ ಮಾಲೀಕ ಗೊತ್ತು, ಇಲ್ಲಿನ ಓಣಿ ಗೊತ್ತು. ನಾನು ಜರ್ಮನಿಗೆ ಹೋಗಿದ್ದೂ ಹಾಗೇ. ನನ್ನ ಗೈಡ್ ಒಂದು ಕಾಲದಲ್ಲಿ ಆ ಊರಿನಲ್ಲಿ ಆರು ತಿಂಗಳು ಇದ್ದು ಬಂದವರು. ಅವರ ಒಂದು ಇಮೇಲ್ ಇಲ್ಲದಿದ್ದರೆ ನನ್ನ ಅರ್ಜಿಯನ್ನು ಅಲ್ಲಿ ಯಾರೂ ತೆರೆದೂ ನೋಡುತ್ತಿರಲಿಲ್ಲ. ಅದರಲ್ಲಿ ನನಗೆ ಅನುಮಾನ ಇಲ್ಲ.

ನನ್ನ ಕೆಲಸ ದ್ರಾಕ್ಷಿಯ ಡೌನಿ ರೋಗದ ಮೇಲೆ. ಪುಸ್ತಕದಲ್ಲಿ ಬೂಜು ತುಪ್ಪಟ ರೋಗ ಅಂತ ಬರೀತಾರೆ, ತಿಕೋಟಾದಲ್ಲಿ ಆ ಹೆಸರು ಹೇಳಿದರೆ ಯಾರಿಗೂ ತಿಳಿಯೋದಿಲ್ಲ. ಎಲೆಯ ಮೇಲೆ ಎಣ್ಣೆ ಬಿದ್ದ ಹಾಗೆ ಹಳದಿ ಮಚ್ಚೆ, ಮಗುಚಿ ನೋಡಿದರೆ ಬೆಳ್ಳಗೆ ಹತ್ತಿಯಂಥ ಬೂಜು. ಗೊಂಚಲು ಹಿಡಿಯುವ ಹೊತ್ತಿಗೆ ನಾಲ್ಕು ದಿನ ಮೋಡ ಮುಸುಕಿ ಮಳೆ ಹಿಡಿದರೆ, ಸಾಲ ಮಾಡಿ ಹಾಕಿದ ತೋಟ ಕಣ್ಣೆದುರೇ ಹೋಗುತ್ತೆ.

ಯಾವ ತಳಿಗೆ ಈ ರೋಗ ತಡೆಯುವ ಶಕ್ತಿ ಇದೆ ಅಂತ ನೋಡೋಕೆ ಒಂದು ಸರಳ ಪರೀಕ್ಷೆ ಇದೆ. ಎಲೆಯಿಂದ ದುಂಡಗೆ ಬಿಲ್ಲೆಗಳನ್ನು ಕತ್ತರಿಸಬೇಕು. ಪೆಟ್ರಿ ತಟ್ಟೆಯಲ್ಲಿ ಒದ್ದೆ ಕಾಗದದ ಮೇಲೆ ಮಗುಚಿ ಇಡಬೇಕು. ರೋಗದ ಬೀಜಕಣಗಳನ್ನು ನೀರಿನಲ್ಲಿ ಕಲಸಿ ಅವುಗಳ ಮೇಲೆ ಹನಿ ಬಿಡಬೇಕು. ಮಗುಚಿ ಯಾಕೆ ಅಂದರೆ ಎಲೆಯ ಉಸಿರಾಟದ ರಂಧ್ರಗಳು ಇರೋದು ಕೆಳಗಿನ ಮೈಯಲ್ಲಿ, ರೋಗ ಒಳಗೆ ನುಗ್ಗೋದು ಅಲ್ಲಿಂದಲೇ. ಐದಾರು ದಿನದಲ್ಲಿ ಬೂಜು ಬಂದರೆ ತಳಿಗೆ ರೋಗ ತಗಲುತ್ತೆ, ಬಾರದಿದ್ದರೆ ತಡೆಯುತ್ತೆ. ಅಷ್ಟೇ. ಪಿಎಚ್‌ಡಿ ಮಾಡುವಾಗ ಎಂಟು ತಿಂಗಳು ಇದನ್ನೇ ಮಾಡಿದೆ. ಪ್ರಬಂಧಗಳಲ್ಲಿ ಬರೆದಿದ್ದನ್ನು ಅಕ್ಷರ ಬಿಡದೆ ಪಾಲಿಸಿದೆ. ನನ್ನ ಬಿಲ್ಲೆಗಳು ಬೂಜು ಹಿಡಿಯುತ್ತಿರಲಿಲ್ಲ. ಕೊಳೆಯುತ್ತಿದ್ದವು. ನಾಲ್ಕನೇ ದಿನಕ್ಕೆ ಕಂದು ಬಣ್ಣಕ್ಕೆ ತಿರುಗಿ ಲೋಳೆ ಆಗುತ್ತಿದ್ದವು. ಎಲೆ ಬದಲಿಸಿದೆ, ನೀರು ಬದಲಿಸಿದೆ, ಕೊನೆಗೆ ಇದು ವಿಜಯಪುರದ ಸೆಕೆ ಅಂತ ಹವಾಮಾನದ ಮೇಲೆ ತಪ್ಪು ಹೊರಿಸಿದೆ.

ಜರ್ಮನಿಯಲ್ಲಿ ಎರಡನೇ ವಾರ ಅಲ್ಲಿನ ಸಹೋದ್ಯೋಗಿಯೊಬ್ಬಳು ಅದೇ ಪರೀಕ್ಷೆ ಮಾಡುತ್ತಿದ್ದಳು. ಪಕ್ಕದಲ್ಲಿ ನಿಂತು ನೋಡುತ್ತಿದ್ದೆ. ಹನಿ ಬಿಟ್ಟು ಒಂದು ರಾತ್ರಿ ಕತ್ತಲಲ್ಲಿ ಇಟ್ಟಳು. ಮರುದಿನ ಬೆಳಿಗ್ಗೆ ಮುಚ್ಚಳ ತೆಗೆದು, ಟಿಶ್ಯೂ ಪೇಪರಿನ ಒಂದು ಚೂರನ್ನು ಮೂಲೆ ಮಡಚಿ, ಪ್ರತಿ ಬಿಲ್ಲೆಯ ಮೇಲಿನ ಹನಿಗೆ ಮೆಲ್ಲಗೆ ತಾಕಿಸಿ ಹೀರಿ ತೆಗೆದಳು. ಕೂಸಿನ ಮೂಗು ಒರೆಸಿದ ಹಾಗೆ. ಇದೇನು ಅಂದೆ. 'ನೀರು ನಿಂತರೆ ಕೊಳೆಯುತ್ತೆ. ಅಷ್ಟು ಹೊತ್ತಿಗೆ ಕಣಗಳು ಒಳಗೆ ಹೋಗಿರುತ್ತವೆ, ಇನ್ನು ನೀರು ಬೇಡ' ಅಂದಳು. ನೀವು ಬರೆದ ಪ್ರಬಂಧದಲ್ಲಿ ಇದು ಇಲ್ಲವಲ್ಲ ಅಂದೆ. ಅವಳಿಗೆ ನಿಜಕ್ಕೂ ಆಶ್ಚರ್ಯ. ಇದನ್ನೂ ಬರೀಬೇಕಾ?

ಎಂಟು ತಿಂಗಳು! ಒಂದು ಟಿಶ್ಯೂ ಪೇಪರ್!

ನನ್ನದು ಅಪರೂಪದ ಕತೆಯೇನಲ್ಲ. ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಹ್ಯಾರಿ ಕಾಲಿನ್ಸ್ 1970ರ ದಶಕದಲ್ಲಿ ಒಂದು ಹೊಸ ಬಗೆಯ ಲೇಸರನ್ನು ಬೇರೆ ಬೇರೆ ಪ್ರಯೋಗಾಲಯಗಳು ಹೇಗೆ ಕಟ್ಟಿಕೊಂಡವು ಅಂತ ಹುಡುಕಿಕೊಂಡು ಹೋಗಿದ್ದರು. ಬರೀ ಪ್ರಬಂಧ ಓದಿ ಕಟ್ಟಿದವರು ಒಬ್ಬರೂ ಸಿಗಲಿಲ್ಲ. ಗೆದ್ದವರೆಲ್ಲ ಮೊದಲೇ ಅದನ್ನು ಕಟ್ಟಿದ್ದವರ ಜೊತೆ ಓಡಾಟ, ಮಾತುಕತೆ ಇಟ್ಟುಕೊಂಡವರು. ಹೋಳಿಗೆ ಮಾಡೋದನ್ನು ಯೂಟ್ಯೂಬ್ ನೋಡಿ ಕಲಿತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಣಕ ಎಷ್ಟು ಮೆತ್ತಗಿರಬೇಕು ಅನ್ನೋದು ಅವ್ವನ ಕೈಯಲ್ಲಿ ಇರುತ್ತೆ, ಬಾಯಲ್ಲಿ ಇರೋದಿಲ್ಲ.

ವಿಜ್ಞಾನಿಗಳು ದೇಶ ಬಿಟ್ಟು ದೇಶಕ್ಕೆ ಹೋದಾಗ ಸೂಟ್‌ಕೇಸಿನಲ್ಲಿ ಹೋಗೋದು ಮುಖ್ಯವಾಗಿ ಇದೇ. ಜೊತೆಗೆ ಇನ್ನೊಂದು, ಯಾರನ್ನು ನಂಬಬಹುದು ಅನ್ನೋ ಅಂದಾಜು. ಒಂದೇ ಕೋಣೆಯಲ್ಲಿ ಎರಡು ವರ್ಷ ಕೂತವರಿಗೆ ಯಾರು ಅಂಕಿ ತಿದ್ದುತ್ತಾರೆ, ಯಾರು ತಮ್ಮ ತಪ್ಪನ್ನು ತಾವೇ ಬಂದು ಹೇಳುತ್ತಾರೆ ಅಂತ ಗೊತ್ತಾಗುತ್ತೆ. ಊರಿಗೆ ವಾಪಸ್ ಬಂದ ಮೇಲೆ ನಾನು ಯಾರ ಜೊತೆ ಸೇರಿ ಪ್ರಬಂಧ ಬರೆದೆ ಅಂತ ಪಟ್ಟಿ ತೆಗೆದರೆ, ಎಲ್ಲರೂ ಆ ಪ್ರಯೋಗಾಲಯದ ಅಡುಗೆಮನೆಯಲ್ಲಿ ನನ್ನ ಜೊತೆ ಕಾಫಿ ಕುಡಿದವರೇ. ಸಮ್ಮೇಳನಗಳಲ್ಲಿ ವಿಸಿಟಿಂಗ್ ಕಾರ್ಡ್ ಕೊಟ್ಟವರು ಒಬ್ಬರೂ ಇಲ್ಲ.

ಲೆಕ್ಕದ ಮಾತಿಗೆ ಬರೋಣ. 2017ರಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ದೊಡ್ಡ ಎಣಿಕೆ ಬಂತು. ಸುಮಾರು 1.6 ಕೋಟಿ ಸಂಶೋಧಕರು, 2008ರಿಂದ 2015ರವರೆಗಿನ ಅವರ ಪ್ರಬಂಧಗಳು. ಅವರಲ್ಲಿ ದೇಶದಿಂದ ದೇಶಕ್ಕೆ ಓಡಾಡಿದವರು ಶೇ. 4ರಷ್ಟೂ ಇಲ್ಲ. ಆದರೆ ಓಡಾಡಿದವರ ಕೆಲಸವನ್ನು ಬೇರೆಯವರು ಉಲ್ಲೇಖಿಸುವುದು, ಓಡಾಡದವರಿಗಿಂತ ಸರಾಸರಿ ಶೇ. 40ರಷ್ಟು ಜಾಸ್ತಿ.

ಇದನ್ನು ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಹೇಳಿದಾಗ ಗಣಿತದ ಗೆಳೆಯರೊಬ್ಬರು ತಕ್ಷಣ ಕೊಕ್ಕೆ ಹಾಕಿದರು. ಓಡುವ ಎತ್ತನ್ನೇ ಜಾತ್ರೆಗೆ ಹೊಡಕೊಂಡು ಹೋಗ್ತಾರೆ, ಜಾತ್ರೆಗೆ ಹೋಗಿದ್ದಕ್ಕೆ ಅದು ಓಡೋದಲ್ಲ ಅಂದರು. ಸರಿಯಾದ ಪ್ರಶ್ನೆಯೇ. ಚುರುಕಾದವರೇ ಹೋಗ್ತಾರೆ, ಆಮೇಲೆ ಹೋಗಿದ್ದಕ್ಕೆ ಚುರುಕಾದರು ಅಂತೀವಿ.

ಇದನ್ನು ಬಿಡಿಸಲು ಶುಲಾಮಿತ್ ಕಾನ್ ಮತ್ತು ಮೆಗನ್ ಮ್ಯಾಕ್‌ಗಾರ್ವಿ ಎಂಬ ಅರ್ಥಶಾಸ್ತ್ರಜ್ಞರು ಒಂದು ಜಾಣ ದಾರಿ ಹಿಡಿದರು. ಫುಲ್‌ಬ್ರೈಟ್ ವಿದ್ಯಾರ್ಥಿವೇತನದ ಮೇಲೆ ಅಮೆರಿಕಕ್ಕೆ ಹೋಗುವ ಹೊರದೇಶದವರಿಗೆ ವೀಸಾದಲ್ಲಿ ಒಂದು ಕಟ್ಟಳೆ ಇರುತ್ತೆ. ಓದು ಮುಗಿದ ಮೇಲೆ ಎರಡು ವರ್ಷ ತಾಯ್ನಾಡಿನಲ್ಲಿ ಇರಲೇಬೇಕು. ಅಂದರೆ ಇವರು ವಾಪಸ್ ಬಂದಿದ್ದು ದಡ್ಡರಾಗಿದ್ದಕ್ಕಲ್ಲ, ಕಾನೂನು ಕಳಿಸಿದ್ದಕ್ಕೆ. ಇಂಥವರನ್ನೂ ಇಂಥ ಕಟ್ಟಳೆ ಇಲ್ಲದವರನ್ನೂ ಹೋಲಿಸಿ ನೋಡಿದರು. ಬಡ ದೇಶಗಳಿಗೆ ಮರಳಿದವರ ಸಂಶೋಧನೆ ದೊಡ್ಡ ಮಟ್ಟದಲ್ಲಿ ಕುಗ್ಗಿತ್ತು. ಶ್ರೀಮಂತ ದೇಶಗಳಿಗೆ ಮರಳಿದವರದ್ದು ಏನೂ ಕುಗ್ಗಿರಲಿಲ್ಲ.

ಇದನ್ನು ಓದಿದ ದಿನ ರಾತ್ರಿ ನಿದ್ದೆ ಬರಲಿಲ್ಲ. ನಾನು ಮರಳಿ ಬಂದವನು. ಯಾವ ಕಟ್ಟಳೆಯೂ ಇರಲಿಲ್ಲ, ನಾನೇ ಬಂದೆ. ಅಪ್ಪನಿಗೆ ಮಂಡಿನೋವು, ತೋಟ ನೋಡುವವರಿಲ್ಲ, ಅಲ್ಲದೆ ಮನಸ್ಸೂ ಇಲ್ಲೇ ಇತ್ತು. ಬಂದ ಮೇಲೆ ಮೊದಲ ಎರಡು ವರ್ಷ ಮೇಲ್‌ಗಳು ಬರುತ್ತಿದ್ದವು. ಈ ಡೇಟಾ ನೋಡು, ಈ ಚಿತ್ರ ಸರಿ ಇದೆಯಾ, ಅಂತ. ಮೂರನೇ ವರ್ಷ ಕಡಿಮೆಯಾದವು. ಯಾರೂ ಬೇಕಂತ ಮಾಡಿದ್ದಲ್ಲ. ಕಾಫಿ ಕುಡಿಯುವಲ್ಲಿ ನಾನಿರಲಿಲ್ಲ, ಅಷ್ಟೇ. ಮತ್ತೊಮ್ಮೆ ಹೋಗಿ ಬರೋಣ ಅಂತ ಒಂದು ಸಮ್ಮೇಳನಕ್ಕೆ ಅರ್ಜಿ ಹಾಕಿದೆ. ಪ್ರಬಂಧ ಒಪ್ಪಿಗೆ ಆಯಿತು. ಒಂದು ದೇಶದ ವೀಸಾ ಕಚೇರಿ ಪಾಸ್‌ಪೋರ್ಟ್ ವಾಪಸ್ ಕಳಿಸಿತು. ನೀವು ನಿಮ್ಮ ದೇಶಕ್ಕೆ ಮರಳುವಿರಿ ಎಂಬ ಭರವಸೆ ನಮಗಿಲ್ಲ ಅಂತ ಕಾರಣ. ಒಮ್ಮೆ ಹೋಗಿ, ಹೇಳಿದ ದಿನಕ್ಕೆ ಮರಳಿದವನು ನಾನು! ಆಯಿಗೆ ಹೇಳಿದೆ. 'ನಿನ್ನ ಮುಕಾದಮ ಸರಿ ಇಲ್ಲ ಬಿಡು' ಅಂದಳು.

ಬೇಜಾರು ಮಾಡಿಕೊಂಡು ಕೂತಿದ್ದಾಗಲೇ ಬೇರೊಂದು ಅಂಕಿ ಕಣ್ಣಿಗೆ ಬಿತ್ತು. ಆಮೇಲೆ ನನ್ನ ಯೋಚನೆಯೇ ತಿರುಗಿತು. 2011ರಲ್ಲಿ 16 ದೇಶಗಳಲ್ಲಿ ದುಡಿಯುವ ವಿಜ್ಞಾನಿಗಳ ಒಂದು ಸಮೀಕ್ಷೆ ನಡೆಯಿತು. 18ನೇ ವಯಸ್ಸಿನಲ್ಲಿ ಎಲ್ಲಿದ್ದಿರಿ, ಈಗ ಎಲ್ಲಿದ್ದೀರಿ ಅಂತ ಕೇಳಿದರು. ಭಾರತದಲ್ಲಿ ಬೆಳೆದ ವಿಜ್ಞಾನಿಗಳಲ್ಲಿ ಶೇ. 40ರಷ್ಟು ಜನ ಹೊರಗಿದ್ದರು, ಆ 16 ದೇಶಗಳಲ್ಲೇ ಅತಿ ಹೆಚ್ಚು. ಇದು ಎಲ್ಲರೂ ಹೇಳುವ, ಎಲ್ಲರೂ ಮರುಗುವ ಅಂಕಿ. ಅದೇ ಸಮೀಕ್ಷೆಯ ಇನ್ನೊಂದು ಕಾಲಮ್ಮನ್ನು ಯಾರೂ ಓದೋದಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಕೆಲಸ ಮಾಡುವ ವಿಜ್ಞಾನಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹೊರಗಿನಿಂದ ಬಂದವರು. ಭಾರತದಲ್ಲಿ? ಶೇ. 1 ಕೂಡ ಇಲ್ಲ.

ಸ್ವಿಟ್ಜರ್ಲೆಂಡಿನವರೂ ಹೊರಗೆ ಹೋಗ್ತಾರೆ, ಏನೂ ಕಡಿಮೆ ಇಲ್ಲ. ಆದರೆ ಅಲ್ಲಿಗೆ ಜನ ಬರ್ತಾರೆ. ನಮ್ಮಲ್ಲಿಗೆ ಬರೋದಿಲ್ಲ. ಹೋದವರ ಲೆಕ್ಕ ಇಡೋದರಲ್ಲೇ ನಾವು ಐವತ್ತು ವರ್ಷ ಕಳೆದಿದ್ದೇವೆ. ಬರದೇ ಇದ್ದವರ ಲೆಕ್ಕ ಯಾರೂ ಇಡಲಿಲ್ಲ.

ವಿಜಯಪುರದಲ್ಲಿ ಕೂತು ಇದನ್ನು ಬರೆಯುವಾಗ ಒಂಥರಾ ಅನ್ನಿಸುತ್ತೆ. ಯಾಕಂದರೆ ಇದು ಬರುವವರ ಊರಾಗಿತ್ತು. ಕೋಟೆಯ ಬುರುಜಿನ ಮೇಲಿನ ಮಲಿಕ್-ಎ-ಮೈದಾನ್ ತೋಪನ್ನು ಶಾಲೆ ಮಕ್ಕಳೆಲ್ಲ ಮುಟ್ಟಿ ಬರ್ತಾರೆ. ಸಿಂಹದ ಬಾಯಿ, ಅದರ ಹಲ್ಲಿನ ನಡುವೆ ಸಿಕ್ಕಿದ ಆನೆ, ಸುಮಾರು 55 ಟನ್ ತೂಕ. 1549ರಲ್ಲಿ ಅಹ್ಮದ್‌ನಗರದಲ್ಲಿ ಅದನ್ನು ಎರಕ ಹೊಯ್ದವನ ಹೆಸರಿನ ಕೊನೆಗೆ ರೂಮಿ ಅಂತ ಇದೆ. ರೂಮ್ ಅಂದರೆ ತುರ್ಕಿ ಸೀಮೆ. ತೋಪು ಇಲ್ಲಿಗೆ ಬರುವ ಮೊದಲು ತೋಪು ಎರೆಯುವ ಕೈ ಸಮುದ್ರ ದಾಟಿ ದಖನ್ನಿಗೆ ಬಂದಿತ್ತು. ಮೊದಲನೇ ಅಲಿ ಆದಿಲ್ ಶಾಹ ಇರಾನಿನ ಶಿರಾಜ್‌ನಿಂದ ಫತಹುಲ್ಲಾ ಶಿರಾಜಿ ಎಂಬ ಪಂಡಿತನನ್ನು ಕರೆಸಿಕೊಂಡಿದ್ದ. ಗಣಿತ, ಖಗೋಳ, ಯಂತ್ರ, ವೈದ್ಯ ಎಲ್ಲ ಬಲ್ಲವನು. 1580ರಲ್ಲಿ ಷಾಹ ಸತ್ತ. ಮೂರು ವರ್ಷಕ್ಕೆ ಅಕ್ಬರ್ ಶಿರಾಜಿಯನ್ನು ತನ್ನ ಆಸ್ಥಾನಕ್ಕೆ ಕರೆಸಿಕೊಂಡ. ಅಕ್ಬರನ ಹೊಸ ಇಲಾಹಿ ಪಂಚಾಂಗ ಕಟ್ಟಿದವನು ಇದೇ ಶಿರಾಜಿ. ನಮ್ಮ ಊರಿನ ಮೊದಲ ಬ್ರೇನ್ ಡ್ರೇನ್ ಅಂತ ಕ್ಲಾಸಿನಲ್ಲಿ ತಮಾಷೆ ಮಾಡ್ತೀನಿ. ಹೊರಗಿನಿಂದ ಬಂದವರಿಗೆ ಆಗ ಆಫಾಕಿಗಳು ಅಂತಿದ್ದರು, ಇಲ್ಲಿಯವರಿಗೆ ದಖನಿಗಳು. ಇಬ್ಬರಿಗೂ ಆಗಿಬರುತ್ತಿರಲಿಲ್ಲ. ಕತ್ತಿ ಹಿರಿಯುವಷ್ಟು.

ಈ ಕಿತ್ತಾಟ ಆದಿಲ್ ಶಾಹಿಗಳ ಜೊತೆ ಮುಗಿಯಲಿಲ್ಲ. 1935ರಲ್ಲಿ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ಗೆ ಮ್ಯಾಕ್ಸ್ ಬಾರ್ನ್ ಬಂದರು. ಕ್ವಾಂಟಂ ಭೌತಶಾಸ್ತ್ರ ಕಟ್ಟಿದವರಲ್ಲಿ ಒಬ್ಬರು. ಯಹೂದಿ ಅಂತ ನಾಜಿಗಳು ಗಾಟಿಂಗನ್‌ನಿಂದ ಹೊರಗೆ ಹಾಕಿದ್ದರು. ಆಗ ನಿರ್ದೇಶಕರಾಗಿದ್ದ ಸಿ. ವಿ. ರಾಮನ್ ಅವರನ್ನು ಕರೆಸಿಕೊಂಡರು, ಕಾಯಂ ಇಟ್ಟುಕೊಳ್ಳಬೇಕು ಅಂತ ಹಟ ಹಿಡಿದರು. ಅಧ್ಯಾಪಕರ ಸಭೆಯಲ್ಲಿ, ಬಾರ್ನ್ ಎದುರಿಗೇ, ಒಬ್ಬ ಇಂಗ್ಲಿಷ್ ಪ್ರೊಫೆಸರ್ ಎದ್ದು ನಿಂತು, ತನ್ನ ದೇಶದಿಂದಲೇ ಓಡಿಸಲ್ಪಟ್ಟ ಎರಡನೇ ದರ್ಜೆಯ ಪರದೇಶಿ ನಮಗೆ ಸಾಲದು ಅಂದರು. ಮನೆಗೆ ಹೋಗಿ ಹೆಂಡತಿಯ ಮುಂದೆ ಅತ್ತುಬಿಟ್ಟೆ ಅಂತ ಬಾರ್ನ್ ಮುಂದೆ ಬರೆದುಕೊಂಡಿದ್ದಾರೆ. 1936ರಲ್ಲಿ ಎಡಿನ್‌ಬರೋಗೆ ಹೋದರು. 1954ರಲ್ಲಿ ನೊಬೆಲ್ ಬಂತು. ಅವರು ಬೆಂಗಳೂರಿನಲ್ಲೇ ಇದ್ದಿದ್ದರೆ ಅಂತ ಯೋಚಿಸಿದರೆ ಹೊಟ್ಟೆಯಲ್ಲಿ ಕಸಿವಿಸಿ ಆಗುತ್ತೆ.

ಬಂದವರು ಉಳಿದು, ಇಲ್ಲಿಯವರ ಜೊತೆ ಕೈಜೋಡಿಸಿದರೆ ಏನಾಗುತ್ತೆ ಅನ್ನೋದಕ್ಕೆ ದೂರ ಹೋಗಬೇಕಿಲ್ಲ, ಬೆಳಗಾವಿಗೆ ಹೋದರೆ ಸಾಕು. ಹೆರಿಗೆ ಆದ ಮೇಲೆ ರಕ್ತ ಹೋಗಿ ತಾಯಿ ಸಾಯೋದು ನಮ್ಮ ಹಳ್ಳಿಗಳಲ್ಲಿ ಹೊಸದಲ್ಲ. ರಕ್ತ ಎಷ್ಟು ಹೋಯಿತು ಅಂತ ಸೂಲಗಿತ್ತಿಯಾಗಲಿ ನರ್ಸಮ್ಮನಾಗಲಿ ಕಣ್ಣಳತೆಯಲ್ಲೇ ಹೇಳುತ್ತಿದ್ದರು. ಎಷ್ಟು ಬಟ್ಟೆ ತೊಯ್ದಿತು, ನೆಲದ ಮೇಲೆ ಎಷ್ಟು ಬಿತ್ತು, ಹೀಗೆ. ಬೆಳಗಾವಿಯ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನ ವೈದ್ಯರೂ ಅಮೆರಿಕದಿಂದ ಬಂದ ವೈದ್ಯರೂ ಸೇರಿ ಒಂದು ಪ್ಲಾಸ್ಟಿಕ್ ಹಾಳೆ ಮಾಡಿದರು. ತಾಯಿಯ ಸೊಂಟದ ಕೆಳಗೆ ಹಾಸಿ ಕಟ್ಟುವುದು. ತುದಿಯಲ್ಲಿ ಆಲಿಕೆಯಂಥ ಚೀಲ, ಅದರ ಮೇಲೆ ಮಿಲಿಲೀಟರಿನ ಗೆರೆಗಳು. ಹಾಲಿನ ಅಳತೆ ನೋಡಿದ ಹಾಗೆ ನೋಡಬಹುದು. ಕಣ್ಣಳತೆಗೂ ಹಾಳೆಯ ಅಳತೆಗೂ ತಾಳೆ ಹಾಕಿದಾಗ ಕಣ್ಣು ಶೇ. 33ರಷ್ಟು ಕಡಿಮೆ ಹೇಳುತ್ತಿತ್ತು. ಮೂರು ಲೋಟ ಹೋದರೆ ಎರಡು ಲೋಟ ಅಂದ ಹಾಗೆ. ಆ ಹಾಳೆಯ ಹೆಸರು ಬ್ರಾಸ್-ವಿ (BRASSS-V). ವಿಚಿತ್ರ ಹೆಸರು ಅಲ್ವಾ? ಅದನ್ನು ಮಾಡಿದ ಏಳು ಜನರ ಹೆಸರಿನ ಮೊದಲ ಅಕ್ಷರಗಳನ್ನು ಪೋಣಿಸಿ ಇಟ್ಟದ್ದು. ಅದರಲ್ಲಿ ಬೆಳಗಾವಿಯವರೂ ಇದ್ದಾರೆ, ಅಮೆರಿಕದವರೂ ಇದ್ದಾರೆ. ನನಗೆ ಈ ಹೆಸರು ಬಹಳ ಇಷ್ಟ.

ಆ ಹಾಳೆ ಹಾಸಿಯೇ 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ತಾಯಂದಿರ ಮೇಲೆ, ಹೆರಿಗೆಯ ನಂತರದ ರಕ್ತಸ್ರಾವ ತಡೆಯಲು ಕೊಡುವ ಮಿಸೊಪ್ರೊಸ್ಟಾಲ್ ಗುಳಿಗೆಯ ಪರೀಕ್ಷೆ ನಡೆಯಿತು. ಸೂಜಿ ಬೇಡ, ಫ್ರಿಜ್ಜು ಬೇಡ, ನುಂಗಿದರೆ ಸಾಕು. ಗುಳಿಗೆ ಕೊಟ್ಟವರು ಹಳ್ಳಿಯ ನರ್ಸಮ್ಮಂದಿರು, ಅಂದರೆ ಎಎನ್‌ಎಂ ಅಕ್ಕಂದಿರು. ಅತಿಯಾದ ರಕ್ತಸ್ರಾವ ಶೇ. 12ರಿಂದ 6.4ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಕೆಲಸಕ್ಕೂ ಮಿಸೊಪ್ರೊಸ್ಟಾಲನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಗೆರೆ ಹಾಕಿದ ಹಾಳೆಯ ದಾರಿ ಇನ್ನೂ ದೂರ ಹೋಯಿತು. 2023ರಲ್ಲಿ ಆಫ್ರಿಕಾದ ನಾಲ್ಕು ದೇಶಗಳ 80 ಆಸ್ಪತ್ರೆಗಳಲ್ಲಿ, ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳಲ್ಲಿ ಅಂಥದ್ದೇ ಹಾಳೆ ಹಾಸಿ, ಗೆರೆ ಮುಟ್ಟಿದ ಕೂಡಲೇ ಎಲ್ಲ ಚಿಕಿತ್ಸೆ ಒಟ್ಟಿಗೆ ಶುರು ಮಾಡಿ ನೋಡಿದರು. ತೀವ್ರ ರಕ್ತಸ್ರಾವ ಮತ್ತು ಅದರಿಂದಾಗುವ ಅನಾಹುತಗಳು ಶೇ. 60ರಷ್ಟು ಇಳಿದವು. ಇಷ್ಟರಲ್ಲಿ ಎಎನ್‌ಎಂ ಅಕ್ಕಂದಿರು ಪಾಸ್‌ಪೋರ್ಟ್ ಮಾಡಿಸಬೇಕಾಗಿ ಬರಲಿಲ್ಲ. ಪ್ರಶ್ನೆ ಇದ್ದದ್ದು ಬೆಳಗಾವಿಯ ಹಳ್ಳಿಯಲ್ಲಿ, ಬರಬೇಕಾದವರೇ ಬಂದರು.

ಇಷ್ಟೆಲ್ಲ ಹೇಳಿ ತೋಟದ ಬೇರಿನ ಮಾತು ಬಿಟ್ಟೇಬಿಟ್ಟೆ.

ನಮ್ಮ ಸೀಮೆಯ ಹೆಚ್ಚಿನ ದ್ರಾಕ್ಷಿ ಬಳ್ಳಿಗಳಿಗೆ ಬೇರು ಬೇರೆ, ಬಳ್ಳಿ ಬೇರೆ. ಬೇರು ಡಾಗ್‌ರಿಡ್ಜ್. ಉಪ್ಪು ನೀರು, ಸುಣ್ಣದ ಮಣ್ಣು, ಬರ ಎಲ್ಲ ತಡೆಯುತ್ತೆ. ಅದರ ಮೇಲೆ ಹಣ್ಣು ಕೊಡುವ ಥಾಮ್ಸನ್ ತಳಿಯನ್ನು ಕಸಿ ಕಟ್ಟುತ್ತಾರೆ. ಡಾಗ್‌ರಿಡ್ಜ್ ಅಂದರೆ ಅಮೆರಿಕದ ಟೆಕ್ಸಾಸಿನ ಒಂದು ಕಲ್ಲು ದಿಬ್ಬದ ಹೆಸರು. ಅಲ್ಲಿನ ಕಾಡು ಬಳ್ಳಿಯನ್ನು ಆರಿಸಿದವರು ದ್ರಾಕ್ಷಿ ತಜ್ಞ ಟಿ. ವಿ. ಮನ್ಸನ್. ಅಮೆರಿಕದ ಕಾಡು ದ್ರಾಕ್ಷಿಯ ಬೇರಿಗೆ ಬೆಲೆ ಬಂದ ಕತೆ ಇನ್ನೂ ಹಿಂದಿನದು. 1860ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟಗಳು ಒಣಗತೊಡಗಿದವು. ಮಾಂಟ್‌ಪೆಲಿಯೆಯ ಸಸ್ಯಶಾಸ್ತ್ರಜ್ಞ ಪ್ಲಾಂಶೋ ಬೇರು ಅಗೆದು ನೋಡಿದಾಗ ಕಂಡದ್ದು ಒಂದು ಸಣ್ಣ ಹಳದಿ ಹೇನು, ಫಿಲಾಕ್ಸೆರಾ. ಇದು ಅಮೆರಿಕದ್ದೇ ಹುಳ ಅಂತ ಗುರುತು ಹಿಡಿಯಲು ನೆರವಾದವರು ಮಿಸ್ಸೂರಿಯ ಕೀಟತಜ್ಞ ಚಾರ್ಲ್ಸ್ ರೈಲಿ. ರೈಲಿ ಹುಟ್ಟಿದ್ದು ಲಂಡನ್ನಿನಲ್ಲಿ, ಶಾಲೆ ಕಲಿತದ್ದು ಫ್ರಾನ್ಸ್ ಮತ್ತು ಜರ್ಮನಿಯಲ್ಲಿ, ಹದಿಹರೆಯದಲ್ಲಿ ಹಡಗು ಹತ್ತಿ ಅಮೆರಿಕಕ್ಕೆ ಹೋದವರು. ಫ್ರೆಂಚ್ ಬರುತ್ತಿತ್ತು. 1871ರಲ್ಲಿ ಅವರು ಫ್ರಾನ್ಸಿಗೆ ಹೋಗಿ ಹುಳ ನೋಡಿದರು. 1873ರಲ್ಲಿ ಪ್ಲಾಂಶೋ ಅಮೆರಿಕಕ್ಕೆ ಬಂದು ಬಳ್ಳಿ ನೋಡಿದರು. 1887ರಲ್ಲಿ ಫ್ರಾನ್ಸಿನ ದ್ರಾಕ್ಷಿ ತಜ್ಞ ಪಿಯೆರ್ ವಿಯಾಲಾ ಸುಣ್ಣದ ಮಣ್ಣು ತಡೆಯುವ ಬೇರು ಹುಡುಕುತ್ತಾ ಟೆಕ್ಸಾಸಿನ ಮನ್ಸನ್ ಮನೆಗೆ ಹೋದರು. ಅಮೆರಿಕದ ಬೇರಿನ ಮೇಲೆ ಫ್ರಾನ್ಸಿನ ಬಳ್ಳಿ ಕಸಿ ಕಟ್ಟಿಯೇ ಆ ದೇಶದ ತೋಟಗಳು ಉಳಿದವು. ರೈಲಿಗೆ ಫ್ರೆಂಚ್ ಬಾರದೇ ಇದ್ದಿದ್ದರೆ ಅಂತ ಒಮ್ಮೊಮ್ಮೆ ಯೋಚಿಸ್ತೀನಿ.

ವೀಸಾ ತಪ್ಪಿದ ಮೇಲೆ ನಾನು ಹೋಗುವ ಯೋಚನೆ ಬಿಟ್ಟು, ಟಿಶ್ಯೂ ಪೇಪರಿನ ಗೆಳತಿಗೇ ಬರೆದೆ. ನೀನೇ ಬಾ. ಹೋಟೆಲ್ ಖರ್ಚು ಇಲ್ಲ, ನಮ್ಮ ಮನೆಯಲ್ಲಿ ಇರು ಅಂತ. ಅವಳ ರಜೆ, ಅವಳದೇ ಟಿಕೆಟ್ಟು. ಅಕ್ಟೋಬರ್ ಚಾಟ್ನಿಯ ಹೊತ್ತಿಗೆ ಬಂದಳು. ನಮ್ಮಲ್ಲಿ ಬಳ್ಳಿಗೆ ವರ್ಷಕ್ಕೆ ಎರಡು ಚಾಟ್ನಿ. ಏಪ್ರಿಲ್‌ನಲ್ಲಿ ಒಮ್ಮೆ ಕತ್ತರಿಸಿ ಕಡ್ಡಿ ಬೆಳೆಸೋದು, ಅಕ್ಟೋಬರಿನಲ್ಲಿ ಮತ್ತೆ ಕತ್ತರಿಸಿ ಹಣ್ಣು ಹಿಡಿಸೋದು. ಜರ್ಮನಿಯಲ್ಲಿ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತೆ, ಚಾಟ್ನಿ ಒಂದೇ ಸಲ. ಇದನ್ನೆಲ್ಲ ಅವಳು ಓದಿದ್ದಳು. ಆದರೆ ಅಪ್ಪ ಕೈಗೆ ಗ್ಲೌಸ್ ಹಾಕಿಕೊಂಡು ಕಡ್ಡಿಯ ಕಣ್ಣು ಕಣ್ಣಿಗೂ, ಅಂದರೆ ಮೊಗ್ಗು ಮೊಗ್ಗಿಗೂ, ಚಿಗುರು ಎಬ್ಬಿಸುವ ಡಾರ್ಮೆಕ್ಸ್ ಔಷಧಿ ಹಚ್ಚುತ್ತಾ ಸಾಲು ಹಿಡಿದು ಹೋಗುವುದನ್ನು ನೋಡಿ ನಿಂತುಬಿಟ್ಟಳು. ಯುರೋಪಿನಲ್ಲಿ ಆ ಔಷಧಿಗೆ ಅನುಮತಿ ಇಲ್ಲ. 'ಇಲ್ಲಿ ಬಳ್ಳಿ ಯಾವಾಗ ಮಲಗುತ್ತೆ?' ಅಂತ ಕೇಳಿದಳು. ನಾನು ಅಪ್ಪನಿಗೆ ಹೇಳಿದೆ.

'ಅದಕ್ಕ ಮಲಗಾಕ ಬಿಟ್ರ ನಾವು ಉಪಾಸ ಮಲಗಬೇಕಾಕ್ಕೈತಿ' ಅಂದರು ಅಪ್ಪ.

ಅವಳು ನಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹಾಗಾದರೆ ನಿಮ್ಮ ರೋಗ ಎಲ್ಲಿ ಮಲಗುತ್ತೆ?' ಅಂದಳು.

ಅವರ ಕಡೆ ಡೌನಿ ರೋಗ ಉದುರಿದ ಎಲೆಯೊಳಗೆ ಗಟ್ಟಿ ಚಿಪ್ಪಿನ ಕಣಗಳಾಗಿ ಚಳಿಗಾಲ ಕಳೆದು, ವಸಂತದಲ್ಲಿ ಮಣ್ಣಿನಿಂದ ಏಳುತ್ತೆ. ಅಲ್ಲಿನ ಔಷಧಿ ಸಿಂಪಡಣೆಯ ವೇಳಾಪಟ್ಟಿ ನಿಂತಿರೋದೇ ಆ ಲೆಕ್ಕದ ಮೇಲೆ. ನಮ್ಮ ತೋಟದಲ್ಲಿ ವರ್ಷವಿಡೀ ಹಸಿರು ಎಲೆ ಇರುತ್ತೆ. ಇಲ್ಲಿ ರೋಗಕ್ಕೆ ಮಲಗುವ ಅಗತ್ಯವಾದರೂ ಏನು? ಏಪ್ರಿಲ್ ಚಾಟ್ನಿಗೂ ಅಕ್ಟೋಬರ್ ಚಾಟ್ನಿಗೂ ನಡುವೆ ಅದು ಎಲೆಯಲ್ಲೇ ಇರುತ್ತಾ, ಮಣ್ಣಿಗೆ ಇಳಿಯುತ್ತಾ? ಹತ್ತು ವರ್ಷ ಇದೇ ರೋಗದ ಮೇಲೆ ಕೆಲಸ ಮಾಡಿದ ನನಗೆ, ಇದೇ ತೋಟದಲ್ಲಿ ಆಡಿ ಬೆಳೆದ ನನಗೆ, ಈ ಪ್ರಶ್ನೆ ಹೀಗೆ ಹೊಳೆದಿರಲಿಲ್ಲ. ಮಲಗದ ಬಳ್ಳಿಯೇ ನನಗೆ ಬಳ್ಳಿ. ಅವಳಿಗೂ ಅಲ್ಲಿ ಕೂತು ಹೊಳೆಯುತ್ತಿರಲಿಲ್ಲ. ಸಂಜೆವರೆಗೂ ಸಾಲುಗಳ ನಡುವೆ ಕೂತು ಎಲೆ ಆರಿಸಿದೆವು. ಅಪ್ಪ ಯಾವ ಮೂಲೆಯಲ್ಲಿ ರೋಗ ಮೊದಲು ಬರುತ್ತೆ ಅಂತ ತೋರಿಸಿದರು, ಕಾಲುವೆ ದಂಡೆಯ ಮೂರನೇ ಸಾಲು, ಪ್ರತಿ ವರ್ಷವೂ ಅದೇ. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲವಂತೆ, ನಾನೂ ಸೇರಿ.

ಮನೆಗೆ ಬಂದಾಗ ಆಯಿ ಕಟ್ಟೆ ಮೇಲೆ ಇದ್ದಳು. ಗೆಳತಿಯ ಕೆಂಪಾದ ಮೂಗು, ಧೂಳು ತುಂಬಿದ ಬೂಟು, ಕೈಯಲ್ಲಿ ಎಲೆ ಚೀಲ, ಎಲ್ಲ ನೋಡಿ ನನ್ನ ಕಡೆ ತಿರುಗಿ ಕೇಳಿದಳು, 'ಪಾಪ, ಈಕಿ ಊರಾಗೂ ಮಳಿ ಇಲ್ಲೇನು?'

ಎಲೆಗಳು ಈಗ ನಮ್ಮ ಕಾಲೇಜಿನ ಫ್ರಿಜ್ಜಿನಲ್ಲಿವೆ. ಸಂಶೋಧನೆಗೆ ಅಂತ ಇಂಥ ಮಾದರಿಗಳನ್ನು ಸುಮ್ನೆ ಹೊರದೇಶಕ್ಕೆ ಕಳಿಸೋ ಹಾಗಿಲ್ಲ, 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಅನುಮತಿ ಬೇಕು. ಅರ್ಜಿ ತುಂಬುತ್ತಾ ಕೂತಿದ್ದೆ. ಅಷ್ಟರಲ್ಲಿ ಅವಳ ಮೇಲ್ ಬಂತು. ಎಲೆ ಬರೋದು ತಡವಾದರೆ ತಾನೇ ಬರ್ತೀನಿ, ಏಪ್ರಿಲ್ ಚಾಟ್ನಿಗೆ, ಪರೀಕ್ಷೆ ಅಲ್ಲೇ ಮಾಡೋಣ, ಏನೇನು ತರಲಿ ಅಂತ ಕೇಳಿದ್ದಾಳೆ. ಟೋಪಿ ತಾ, ಏಪ್ರಿಲ್ ಬಿಸಿಲು ನಿನಗೆ ಗೊತ್ತಿಲ್ಲ, ಟಿಶ್ಯೂ ಪೇಪರ್ ಇಲ್ಲೇ ಸಿಗುತ್ತೆ ಅಂತ ಬರೆದಿದ್ದೇನೆ.